ಆಕ್ಸಿಟೋಸಿನ್: ಕೊಟ್ಟಿಗೆಯ ಅಪರಾಧ, ಹೆರಿಗೆ ಕೋಣೆಗೆ ಶಿಕ್ಷೆ

ಆಕ್ಸಿಟೋಸಿನ್ ಒಂಬತ್ತು ಅಮೈನೋ ಆಮ್ಲಗಳಿಂದಾದ ಪುಟ್ಟ ಹಾರ್ಮೋನು. ಮೆದುಳಿನ ಹೈಪೊಥಲಾಮಸ್‌ನಲ್ಲಿ ತಯಾರಾಗಿ, ಪಿಟ್ಯುಟರಿ ಗ್ರಂಥಿಯ ಹಿಂಭಾಗದಲ್ಲಿ ಕಾದಿದ್ದು, ನರಗಳಿಂದ ಸೂಚನೆ ಬಂದೊಡನೆ ರಕ್ತಕ್ಕೆ ಇಳಿಯುತ್ತದೆ. ರಕ್ತದಲ್ಲಿ ಅದರ ಆಯಸ್ಸು ಕೆಲವೇ ನಿಮಿಷ. ಅಷ್ಟರಲ್ಲಿ ಅದು ಮಾಡುವ ದೊಡ್ಡ ಕೆಲಸಗಳು ಎರಡು: ಹೆರಿಗೆಯಲ್ಲಿ ಗರ್ಭಕೋಶದ ಸ್ನಾಯುವನ್ನು ಬಿಗಿಯುವುದು, ಮೊಲೆಯೊಳಗೆ ತುಂಬಿದ ಹಾಲನ್ನು ಹೊರದೂಡುವುದು. ಪಿಟ್ಯುಟರಿಯ ಸಾರ ಬೆಕ್ಕಿನ ಗರ್ಭಕೋಶವನ್ನು ಸಂಕುಚಿಸುತ್ತದೆಂದು ಹೆನ್ರಿ ಡೇಲ್ ಕಂಡುಕೊಂಡದ್ದು 1906ರಲ್ಲಿ. ವಿನ್ಸೆಂಟ್ ಡು ವಿನ್ಯೋ 1953ರಲ್ಲಿ ಈ ಹಾರ್ಮೋನನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. 1955ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಸಂದಿತು. ಒಂದೇ ಹಾರ್ಮೋನು ಹೆರಿಗೆ ಕೋಣೆಗೂ ಕೊಟ್ಟಿಗೆಗೂ ಸಲ್ಲುವುದರಿಂದ ಭಾರತದಲ್ಲಿ ಒಂದು ವಿವಾದ ಹುಟ್ಟಿತು. ಆ ವಿವಾದದಲ್ಲಿ ಕೇಂದ್ರ ಸರ್ಕಾರ ತಾಯಂದಿರ ಪಕ್ಷ ವಹಿಸಲಿಲ್ಲ.

ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಮಗು ಹುಟ್ಟಿ ಮಾಸು ಕಳಚಿಕೊಂಡಾಗ ಅಲ್ಲಿನ ರಕ್ತನಾಳಗಳ ಬಾಯಿ ತೆರೆದೇ ಉಳಿಯುತ್ತದೆ. ಅವನ್ನು ಮುಚ್ಚುವುದು ಗರ್ಭಕೋಶದ ಸ್ನಾಯುವೇ. ಅಡ್ಡಡ್ಡ ಹೆಣೆದುಕೊಂಡ ಅದರ ಎಳೆಗಳು ಬಿಗಿದಾಗ ನಡುವೆ ಹಾಯುವ ನಾಳಗಳೆಲ್ಲ ಹಿಸುಕಿ ಮುಚ್ಚಿಕೊಳ್ಳುತ್ತವೆ. ಸ್ನಾಯು ಸಡಿಲವಾಗಿಯೇ ಉಳಿದರೆ ರಕ್ತ ನಿಲ್ಲುವುದಿಲ್ಲ. ಬಾಣಂತಿ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಪ್ರಪಂಚದಲ್ಲಿ ತಾಯಂದಿರ ಸಾವಿನ ಸುಮಾರು ಕಾಲು ಭಾಗಕ್ಕೆ ರಕ್ತಸ್ರಾವವೇ ಕಾರಣ. ಆದ್ದರಿಂದ ಹೆರಿಗೆಯಾದ ಪ್ರತಿಯೊಬ್ಬ ತಾಯಿಗೂ, ಸ್ರಾವ ಆರಂಭವಾಗಲೆಂದು ಕಾಯದೆ, 10 ಯೂನಿಟ್ ಆಕ್ಸಿಟೋಸಿನ್ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತದಲ್ಲಿ ಈ ಮಾತಿಗೆ ಇನ್ನೂ ತೂಕವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ 52.2ರಷ್ಟು ಗರ್ಭಿಣಿಯರಿಗೆ ರಕ್ತಹೀನತೆ ಕಂಡುಬಂದಿತ್ತು. ಮೊದಲೇ ರಕ್ತ ಕಡಿಮೆಯಿರುವ ಹೆಂಗಸಿಗೆ, ಬೇರೆಯವರು ತಾಳಿಕೊಳ್ಳುವಷ್ಟು ಸ್ರಾವವೂ ಜೀವಕ್ಕೆ ಎರವಾಗುತ್ತದೆ.

ಇನ್ನು ಕೊಟ್ಟಿಗೆಯ ಕಥೆ. ಕರು ಕೆಚ್ಚಲಿಗೆ ಬಾಯಿ ಹಾಕಿದಾಗ, ಇಲ್ಲವೇ ಪರಿಚಿತ ಕೈ ಮೊಲೆ ನೀವಿದಾಗ ಹಸುವಿನ ಮೆದುಳು ಆಕ್ಸಿಟೋಸಿನ್ ಸುರಿಸುತ್ತದೆ. ಹಾಲಿನ ಗೂಡುಗಳನ್ನು ಸುತ್ತುವರಿದ ಪುಟ್ಟ ಸ್ನಾಯುಕೋಶಗಳು ಬಿಗಿದು ಹಾಲು ಕೆಳಗಿಳಿಯುತ್ತದೆ. ಎಮ್ಮೆಯಲ್ಲಂತೂ ಬಹುಪಾಲು ಹಾಲು ಈ ಗೂಡುಗಳಲ್ಲೇ ಇರುವುದರಿಂದ, ಹಾರ್ಮೋನು ಇಳಿಯದೆ ಕರೆಯುವಂತೆಯೇ ಇಲ್ಲ. ಕರು ಸತ್ತಾಗ ಅಥವಾ ಲಾಭಕ್ಕಾಗಿ ಕರುವನ್ನು ಬೇರ್ಪಡಿಸಿದಾಗ ಕೆಲವರು ಸೂಜಿಯ ಮೊರೆ ಹೋಗುತ್ತಾರೆ. ದಿನದಿನವೂ ಚುಚ್ಚಿಸಿಕೊಂಡ ಪ್ರಾಣಿ ಕ್ರಮೇಣ ಚುಚ್ಚದೆ ಹಾಲು ಇಳಿಸದಂತಾಗುತ್ತದೆ. ಇದು ಕ್ರೌರ್ಯವೆಂಬುದರಲ್ಲಿ ಅನುಮಾನ ಬೇಡ. ಹಾಲಿಗಾಗಿ ಪ್ರಾಣಿಯ ಆರೋಗ್ಯಕ್ಕೆ ಹಾನಿಯಾಗುವಂಥದ್ದನ್ನು ಚುಚ್ಚುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಅಪರಾಧ. ಎರಡು ವರ್ಷದವರೆಗೆ ಜೈಲು ವಿಧಿಸಬಹುದು. ಅಂದರೆ ಕಾನೂನು ಹಿಂದಿನಿಂದಲೂ ಇದೆ, ಜಾರಿ ಮಾತ್ರ ಸಾಲದು.

ಈ ಕ್ರೌರ್ಯಕ್ಕೆ ಇನ್ನೊಂದು ಭಯ ಅಂಟಿಕೊಂಡಿತು: ಚುಚ್ಚಿಸಿಕೊಂಡ ಹಸುವಿನ ಹಾಲು ಕುಡಿದರೆ ಹೆಣ್ಣುಮಕ್ಕಳು ಬೇಗ ಮೈನೆರೆಯುತ್ತಾರೆ, ಗಂಡುಮಕ್ಕಳ ಎದೆ ಬೆಳೆಯುತ್ತದೆ ಎಂಬ ಮಾತು. ಶರೀರಶಾಸ್ತ್ರದಲ್ಲಿ ಇದಕ್ಕೆ ಆಧಾರವಿಲ್ಲ. ಆಕ್ಸಿಟೋಸಿನ್ ಪ್ರೋಟೀನಿನ ಜಾತಿಯದು; ಹೊಟ್ಟೆಗೆ ಹೋದರೆ ಬೇಳೆಯ ಪ್ರೋಟೀನಿನಂತೆ ಕರುಳಿನ ಕಿಣ್ವಗಳಿಗೆ ಸಿಕ್ಕಿ ಚೂರಾಗುತ್ತದೆ. ಮಧುಮೇಹಿಗಳು ಇನ್ಸುಲಿನ್ನನ್ನು ನುಂಗದೆ ಚುಚ್ಚಿಕೊಳ್ಳುವುದೂ ಇದೇ ಕಾರಣಕ್ಕೆ. ಥೈರಾಕ್ಸಿನ್ ಗುಳಿಗೆಯಾಗಿ ಕೆಲಸ ಮಾಡುತ್ತದೆ, ಈಸ್ಟ್ರೊಜೆನ್ ಕೂಡ. ಅವುಗಳ ರಚನೆಯೇ ಬೇರೆ. ಮೈನೆರೆಯುವುದಕ್ಕೆ ಚಾಲನೆ ಕೊಡುವುದು ಆಕ್ಸಿಟೋಸಿನ್ ಅಲ್ಲ, ಹೈಪೊಥಲಾಮಸ್‌ನಿಂದ ಮಿಡಿತ ಮಿಡಿತವಾಗಿ ಹೊರಬರುವ ಬೇರೊಂದು ಹಾರ್ಮೋನು. ಮೈಯಲ್ಲಿ ಕೊಬ್ಬಿನ ಸಂಗ್ರಹ ಹೆಚ್ಚಿದಾಗ ಲೆಪ್ಟಿನ್ ಮೂಲಕ ಮೆದುಳಿಗೆ ಹೋಗುವ ಸೂಚನೆಗೂ ಅದರಲ್ಲಿ ಪಾತ್ರವಿದೆ. ಮಕ್ಕಳು ಬೇಗ ಮೈನೆರೆಯುತ್ತಿದ್ದಾರೆಂಬ ಆತಂಕವಿರುವವರು ಅವರ ತೂಕ, ಊಟ, ಆಟದ ಕಡೆ ನೋಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹಾಲನ್ನೇ ಪರೀಕ್ಷಿಸಿ ನೋಡಿತ್ತು. ಚುಚ್ಚಿದ ಮತ್ತು ಚುಚ್ಚದ ಪ್ರಾಣಿಗಳ ಹಾಲಿನಲ್ಲಿ ಆಕ್ಸಿಟೋಸಿನ್ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು.

ಇಷ್ಟೆಲ್ಲ ತಿಳಿದಿದ್ದೂ 2018ರ ಏಪ್ರಿಲ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅಧಿಸೂಚನೆ ಹೊರಡಿಸಿತು: ದೇಶದೊಳಗಿನ ಬಳಕೆಗೆ ಖಾಸಗಿ ಕಂಪನಿಗಳು ಆಕ್ಸಿಟೋಸಿನ್ ತಯಾರಿಸುವಂತಿಲ್ಲ, ಸಾರ್ವಜನಿಕ ವಲಯ ಮಾತ್ರ ತಯಾರಿಸಬೇಕು. ಆ ಹೊಣೆ ಬಿದ್ದದ್ದು ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಎಂಬ ಒಂದೇ ಕಂಪನಿಯ ಮೇಲೆ. ಕೇಂದ್ರ ಮತ್ತು ಕರ್ನಾಟಕ ಸರ್ಕಾರಗಳ ಜಂಟಿ ಒಡೆತನದ ಈ ಕಂಪನಿ ಅದನ್ನು ತಯಾರಿಸತೊಡಗಿದ್ದೇ ಆ ವರ್ಷದ ಜುಲೈನಲ್ಲಿ. ಜುಲೈ 1ರಿಂದ ಜಾರಿಯಾಗಬೇಕಿದ್ದ ಆದೇಶವನ್ನು ಸೆಪ್ಟೆಂಬರ್ 1ಕ್ಕೆ ಮುಂದೂಡಬೇಕಾಯಿತು. ಸರ್ಕಾರಿ ಕಂಪನಿ ಔಷಧ ತಯಾರಿಸುವುದು ಒಳ್ಳೆಯದೇ, ಬೆಲೆ ಹತೋಟಿಯಲ್ಲಿರುತ್ತದೆ. ಆದರೆ ವರ್ಷಕ್ಕೆ ಎರಡು ಕೋಟಿಗೂ ಹೆಚ್ಚು ಹೆರಿಗೆಯಾಗುವ ದೇಶದಲ್ಲಿ ಜೀವರಕ್ಷಕ ಔಷಧವೊಂದು ಒಂದೇ ಕಾರ್ಖಾನೆಯನ್ನು ನೆಚ್ಚಿಕೊಳ್ಳುವಂತೆ ಮಾಡುವುದು ಬೇರೆಯೇ ಮಾತು. ಅಲ್ಲಿ ಒಂದು ಬ್ಯಾಚ್ ಕೆಟ್ಟರೆ, ಒಂದು ಯಂತ್ರ ನಿಂತರೆ, ಅದರ ಬಿಸಿ ದೂರದ ತಾಲ್ಲೂಕು ಆಸ್ಪತ್ರೆಗೂ ತಟ್ಟುತ್ತದೆ.

ಆದೇಶದ ತಿರುಳಲ್ಲೇ ದೋಷವಿತ್ತು. ಕೊಟ್ಟಿಗೆಗಳಿಗೆ ತಲುಪುವ ಆಕ್ಸಿಟೋಸಿನ್ ಬಹುಪಾಲು ಲೇಬಲ್ ಇಲ್ಲದ ಬಾಟಲಿಗಳಲ್ಲಿ ಬರುವ ಕಳ್ಳಮಾಲು. ಲೈಸೆನ್ಸೇ ಇಲ್ಲದವನಿಗೆ ಲೈಸೆನ್ಸ್ ನಿರ್ಬಂಧದಿಂದ ಆಗುವ ನಷ್ಟವೇನು? ಪೆಟ್ಟು ಬಿದ್ದದ್ದು ನಿಯಮ ಪಾಲಿಸಿ ಆಸ್ಪತ್ರೆಗೆ ಪೂರೈಸುತ್ತಿದ್ದವರಿಗೆ. ಔಷಧ ಕಂಪನಿಗಳೂ, ಅಖಿಲ ಭಾರತ ಔಷಧ ಕ್ರಿಯಾ ಜಾಲವೂ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದವು. 2018ರ ಡಿಸೆಂಬರ್ 14ರಂದು ನ್ಯಾಯಮೂರ್ತಿಗಳಾದ ಎಸ್. ರವೀಂದ್ರ ಭಟ್ ಮತ್ತು ಎ.ಕೆ. ಚಾವ್ಲಾ ಅವರ ಪೀಠ ಅಧಿಸೂಚನೆಯನ್ನು ರದ್ದುಮಾಡಿತು. ಲೈಸೆನ್ಸ್ ಇರುವ ತಯಾರಕರಿಂದ ಔಷಧ ಕೊಟ್ಟಿಗೆಗೆ ಸೋರುತ್ತಿದೆ ಎನ್ನಲು ಸಾಕ್ಷ್ಯವಿಲ್ಲವೆಂದೂ, ಔಷಧ ಸಿಗದೆ ಹೋದರೆ ತಾಯಂದಿರ ಗತಿಯೇನೆಂದು ಸರ್ಕಾರ ಯೋಚಿಸಿಲ್ಲವೆಂದೂ ಪೀಠ ಹೇಳಿತು. ಅಲ್ಲಿಗೇ ಬಿಡಬಹುದಿತ್ತು. ಸರ್ಕಾರ ಮೇಲ್ಮನವಿ ಸಲ್ಲಿಸಿತು. 2019ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಿಷಯವನ್ನು ದೊಡ್ಡ ಪೀಠಕ್ಕೆ ವಹಿಸಿತು.

ನಿಷೇಧದ ಪರವಾಗಿ ಮಂಡಿಸಿದ ಒಂದು ವಾದವನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಬೇಕು: ಆಕ್ಸಿಟೋಸಿನ್ ಬದಲಿಗೆ ಬೇರೆ ಔಷಧಗಳಿವೆ ಎಂಬುದು. ಮಿಸೊಪ್ರೊಸ್ಟಾಲ್ ಗುಳಿಗೆ ಅಂಥದ್ದು. ಅದರ ಬಲವಾದ ಪುರಾವೆಗಳಲ್ಲೊಂದು ಬೆಳಗಾವಿ ಜಿಲ್ಲೆಯ ಹಳ್ಳಿಗಳಿಂದಲೇ ಬಂದಿದೆ. ಅಲ್ಲಿ 1,620 ಮಹಿಳೆಯರನ್ನೊಳಗೊಂಡು ನಡೆದು 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗುಳಿಗೆ ಕೊಟ್ಟವರಲ್ಲಿ ಅತಿಸ್ರಾವ ಶೇ 12ರಿಂದ 6.4ಕ್ಕೆ ಇಳಿದಿತ್ತು. ಆದರೆ ಆ ಹೋಲಿಕೆ ನಡೆದದ್ದು ಔಷಧವಿಲ್ಲದ ಹುಸಿ ಗುಳಿಗೆಯ ಜೊತೆ. ಫ್ರಿಜ್ ಇಲ್ಲದ, ಚುಚ್ಚುಮದ್ದು ಕೊಡುವವರಿಲ್ಲದ ಕಡೆಗೆ ಮಿಸೊಪ್ರೊಸ್ಟಾಲ್ ವರವೇ ಹೌದು. ಉತ್ತಮ ಆಕ್ಸಿಟೋಸಿನ್ ಸಿಗುವಲ್ಲಿ ಮೊದಲ ಆಯ್ಕೆ ಆಕ್ಸಿಟೋಸಿನ್ನೇ. ಮಿಸೊಪ್ರೊಸ್ಟಾಲ್‌ನಿಂದ ನಡುಕ, ಜ್ವರವೂ ಹೆಚ್ಚು.

ಆಕ್ಸಿಟೋಸಿನ್‌ನ ದುರುಪಯೋಗ ಮನುಷ್ಯರಲ್ಲೂ ಇದೆ, ಆದರೆ ನಿಷೇಧದ ಗದ್ದಲದಲ್ಲಿ ಅದರ ಮಾತು ಅಷ್ಟಾಗಿ ಬರಲಿಲ್ಲ. ಮಗು ಹುಟ್ಟುವ ಮೊದಲು ಹೆರಿಗೆ ಚುರುಕಾಗಲೆಂದು ತರಬೇತಿ ಇಲ್ಲದವರು ಇದನ್ನು ಸ್ನಾಯುವಿಗೆ ಚುಚ್ಚುತ್ತಾರೆ. ಹೆರಿಗೆ ಹತ್ತಿರವಾದಂತೆ ಗರ್ಭಕೋಶದಲ್ಲಿ ಈ ಹಾರ್ಮೋನಿನ ಗ್ರಾಹಕಗಳು ಬಹಳ ಹೆಚ್ಚುತ್ತವೆ. ಆ ಹೊತ್ತಿನಲ್ಲಿ ಒಮ್ಮೆಗೇ ಚುಚ್ಚಿದರೆ ನೋವು ಬಿಡುವಿಲ್ಲದೆ ಬಂದು, ಮಗುವಿಗೆ ಆಮ್ಲಜನಕ ತಪ್ಪಬಹುದು, ಗರ್ಭಕೋಶವೇ ಹರಿಯಬಹುದು. ಹೆರಿಗೆಗೆ ಮುಂಚೆ ಡ್ರಿಪ್ಪಿನಲ್ಲಿ ಹನಿಹನಿಯಾಗಿ, ಕಾವಲಿಟ್ಟು. ಹೆರಿಗೆಯ ನಂತರ ತಡಮಾಡದೆ 10 ಯೂನಿಟ್. ಪ್ರತಿ ನರ್ಸ್‌ಗೂ ಈ ವ್ಯತ್ಯಾಸ ಕರಗತವಾದರೆ ಉಳಿಯುವ ಜೀವಗಳು ಯಾವ ಅಧಿಸೂಚನೆಯಿಂದಲೂ ಉಳಿಯುವುದಿಲ್ಲ.

ಕ್ರೌರ್ಯ ತಡೆಯುವ ದಾರಿಯನ್ನು 2024ರಲ್ಲಿ ಅದೇ ದೆಹಲಿ ಹೈಕೋರ್ಟ್ ತೋರಿಸಿತು. ಅಲ್ಲಿನ ಡೈರಿಗಳಲ್ಲಿ ಕಳ್ಳ ಆಕ್ಸಿಟೋಸಿನ್ ಬಳಕೆ ಪ್ರಾಣಿಹಿಂಸೆಯ ಅಪರಾಧವೆಂದು ಹೇಳಿ, ಔಷಧ ನಿಯಂತ್ರಣ ಇಲಾಖೆ ವಾರವಾರ ತಪಾಸಣೆ ನಡೆಸಿ ಮೊಕದ್ದಮೆ ದಾಖಲಿಸಬೇಕು, ಪೊಲೀಸರು ಮಾಲು ಎಲ್ಲಿಂದ ಬರುತ್ತದೆಂದು ಪತ್ತೆಹಚ್ಚಬೇಕು ಎಂದು ಆದೇಶಿಸಿತು. ಎಲ್ಲ ರಾಜ್ಯಗಳೂ ಮಾಡಬೇಕಾದದ್ದು ಇದನ್ನೇ. ಇದರ ಜೊತೆಗೆ ಕೇಂದ್ರ ಸರ್ಕಾರ ಏಕಸ್ವಾಮ್ಯದ ಹಟ ಬಿಟ್ಟು ಮೇಲ್ಮನವಿಯನ್ನು ಹಿಂಪಡೆಯಬೇಕು. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡದಿದ್ದರೆ ಆಕ್ಸಿಟೋಸಿನ್ ಸತ್ವ ಕಳೆದುಕೊಳ್ಳುತ್ತದೆ. ಹೆರಿಗೆಯಾಗುವ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಲಸಿಕೆಯಂತೆಯೇ ಅದಕ್ಕೂ ಫ್ರಿಜ್ಜಿನಲ್ಲಿ ಜಾಗವಿರಬೇಕು, ಕರೆಂಟ್ ಹೋದಾಗ ಬದಲಿ ವ್ಯವಸ್ಥೆ ಇರಬೇಕು, ದಾಸ್ತಾನಿನ ಮಾದರಿಗಳು ಆಗಾಗ ಪ್ರಯೋಗಾಲಯಕ್ಕೆ ಹೋಗಬೇಕು.