ಜಲಜನಕದ ಜನಕ ಯಾರು?

ಜಲಜನಕವೇ ನಾಳಿನ ಇಂಧನ, ಉರಿಸಿದರೆ ಹೊಗೆಯಿಲ್ಲ, ಹೊರಬರುವುದು ನೀರು ಮಾತ್ರ ಎಂಬ ಮಾತು ಈಗ ಮಂತ್ರದಂತೆ ಎಲ್ಲೆಡೆ ಕೇಳಿಬರುತ್ತಿದೆ. ಮಂತ್ರದ ಅರ್ಧ ನಿಜ. ಉರಿದ ಜಲಜನಕ ನೀರಾಗುತ್ತದೆಂಬುದನ್ನು ಅದರ ಹೆಸರೇ ಸಾರುತ್ತದೆ. ಆದರೆ ಜಲಕ್ಕೆ ಜನಕನಾದ ಈ ಅನಿಲಕ್ಕೆ ಜನಕ ಯಾರೆಂದು ವೇದಿಕೆಯ ಮೇಲಿನ ಯಾವ ಮಹನೀಯರೂ ಹೇಳುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿಯೇ.

ಶಾಲೆಯ ಪ್ರಯೋಗಾಲಯದಲ್ಲಿ ಸತುವಿನ ಚೂರುಗಳ ಮೇಲೆ ಸಾರರಿಕ್ತ ಗಂಧಕಾಮ್ಲ ಸುರಿದು, ಪ್ರನಾಳದ ಬಾಯಿಗೆ ಉರಿಯುವ ಕಡ್ಡಿ ಹಿಡಿದು 'ಪಾಪ್' ಎಂಬ ಸದ್ದು ಕೇಳಿದವರು ನಾವೆಲ್ಲ. ಕಾರ್ಖಾನೆಯಲ್ಲಿ ಸತುವೂ ಇಲ್ಲ, ಆಮ್ಲವೂ ಇಲ್ಲ. 2023ರಲ್ಲಿ ಜಗತ್ತು ಬಳಸಿದ ಜಲಜನಕ ಸುಮಾರು 9.7 ಕೋಟಿ ಟನ್. ಅದರ ಬಹುಪಾಲು ಬಂದದ್ದು ನೈಸರ್ಗಿಕ ಅನಿಲದಿಂದ. ಶುದ್ಧವೆನ್ನಬಹುದಾದದ್ದು ನೂರಕ್ಕೆ ಒಂದು ಪಾಲೂ ಇರಲಿಲ್ಲ.

ವಿಧಾನ ಹೀಗಿದೆ. ಗಂಧಕವು ನಿಕ್ಕಲ್‌ಗೆ ವಿಷವಾದ್ದರಿಂದ ಮೊದಲು ಅದನ್ನು ಅನಿಲದಿಂದ ತೆಗೆಯಬೇಕು. ಬಳಿಕ ಮೀಥೇನನ್ನು ಹಬೆಯೊಡನೆ ಬೆರೆಸಿ, ನಿಕ್ಕಲ್ ಕ್ರಿಯಾವರ್ಧಕ ತುಂಬಿದ ಕೊಳವೆಗಳಲ್ಲಿ 800-900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಾಯಿಸುತ್ತಾರೆ. ಜಲಜನಕದೊಡನೆ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದು ಮತ್ತಷ್ಟು ಹಬೆಯೊಡನೆ ವರ್ತಿಸಿ ಇನ್ನಷ್ಟು ಜಲಜನಕವನ್ನೂ ಇಂಗಾಲದ ಡೈಆಕ್ಸೈಡನ್ನೂ ಕೊಡುತ್ತದೆ. ಸಮೀಕರಣ ಸರಿದೂಗಿಸಿ ನೋಡಿ: 16 ಗ್ರಾಂ ಮೀಥೇನಿಗೆ 8 ಗ್ರಾಂ ಜಲಜನಕ, 44 ಗ್ರಾಂ ಡೈಆಕ್ಸೈಡ್. ಒಂದು ಕಿಲೋಗೆ ಐದೂವರೆ ಕಿಲೋ ಆಯಿತು. ಈ ಕ್ರಿಯೆ ಅಂತರುಷ್ಣಕ, ಅಂದರೆ ಹೊರಗಿನಿಂದ ಶಾಖ ಬೇಡುವಂಥದು. ಕುಲುಮೆಯಲ್ಲಿ ಉರಿಸುವ ಅನಿಲವನ್ನೂ ಕೂಡಿಸಿದರೆ ಲೆಕ್ಕ 9-10 ಕಿಲೋಗೆ ಏರುತ್ತದೆ. ವಾಹನದ ಬಾಲದಲ್ಲಿದ್ದ ಹೊಗೆ ಕಾರ್ಖಾನೆಯ ಚಿಮಣಿಗೆ ವರ್ಗವಾಯಿತು, ಅಷ್ಟೆ!

ಹಾಗೆಂದು ಈ ವಿಧಾನವನ್ನೇ ಹಳಿಯುವುದು ಕೃತಘ್ನತೆ. 1913ರಲ್ಲಿ ಜರ್ಮನಿಯ ಒಪ್ಪಾವಿನಲ್ಲಿ ಅಮೋನಿಯಾ ಕಾರ್ಖಾನೆ ಆರಂಭವಾದ ಮೇಲೆ ಮನುಕುಲದ ಅನ್ನ ಜಲಜನಕವನ್ನೇ ನಂಬಿದೆ. ನಮ್ಮ ಪಣಂಬೂರಿನ ಗೊಬ್ಬರದ ಕಾರ್ಖಾನೆ ಮೊದಲು ನ್ಯಾಫ್ತಾದಿಂದ ಅದನ್ನು ಪಡೆಯುತ್ತಿತ್ತು; 2021ರ ಜನವರಿಯಲ್ಲಿ ಕೊಚ್ಚಿ-ಮಂಗಳೂರು ಕೊಳವೆಮಾರ್ಗ ಉದ್ಘಾಟನೆಯಾಗುವ ಹೊತ್ತಿಗೆ ನೈಸರ್ಗಿಕ ಅನಿಲಕ್ಕೆ ಹೊರಳಿತು. 'ಅಲ್ಲಿನ ಡೈಆಕ್ಸೈಡ್ ಯೂರಿಯಾದೊಳಗೆ ಸೇರುತ್ತದಲ್ಲವೇ' ಎಂದು ಬಲ್ಲವರು ಕೇಳಬಹುದು. ಸೇರುತ್ತದೆ, ನಿಜ. ಗದ್ದೆಗೆ ಎರಚಿದ ಯೂರಿಯಾವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಒಡೆದಾಗ ಅದೇ ಅನಿಲ ಮತ್ತೆ ಗಾಳಿಗೆ ಸೇರುತ್ತದೆ.

2023ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಹಸಿರು ಜಲಜನಕ ಯೋಜನೆಗೆ 19,744 ಕೋಟಿ ರೂಪಾಯಿಗಳ ಒಪ್ಪಿಗೆ ಕೊಟ್ಟಿತು. ಹಣ ನಮ್ಮದು, ಆದ್ದರಿಂದ ಲೆಕ್ಕ ಕೇಳುವ ಹಕ್ಕೂ ನಮ್ಮದು. ನೀರನ್ನು ವಿದ್ಯುತ್ತಿನಿಂದ ಒಡೆದಾಕ್ಷಣ ಜಲಜನಕ ಹಸಿರಾಗುವುದಿಲ್ಲ. ಒಂದು ಕಿಲೋಗೆ 50 ಯೂನಿಟ್ಟಿಗೂ ಹೆಚ್ಚು ವಿದ್ಯುತ್ ಬೇಕು. ಕಲ್ಲಿದ್ದಲನ್ನೇ ಹೆಚ್ಚಾಗಿ ನೆಚ್ಚಿರುವ ನಮ್ಮ ಸಾಮಾನ್ಯ ವಿದ್ಯುಜ್ಜಾಲದಲ್ಲಿ ಯೂನಿಟ್ಟಿಗೆ ಸುಮಾರು 0.7 ಕಿಲೋ ಡೈಆಕ್ಸೈಡ್. ಗುಣಿಸಿದರೆ 35 ಕಿಲೋ! ಮೀಥೇನಿನ ಮಾರ್ಗವೇ ಇದಕ್ಕಿಂತ ಎಷ್ಟೋ ವಾಸಿ. ಇನ್ನು ಹೊಗೆಯನ್ನು ಹಿಡಿದು ನೆಲದಡಿ ಹೂಳುವ 'ನೀಲಿ' ಜಲಜನಕದವರು, ಬಾವಿಯಿಂದ ಕಾರ್ಖಾನೆಯವರೆಗೆ ದಾರಿಯಲ್ಲಿ ಸೋರುವ ಮೀಥೇನಿನ ಬಗ್ಗೆ ಬಾಯಿ ಬಿಡುವುದಿಲ್ಲ. 20 ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಕಾಯಿಸುವುದರಲ್ಲಿ ಅದು ಡೈಆಕ್ಸೈಡಿಗಿಂತ 80 ಪಟ್ಟು ಬಲಶಾಲಿ.

ಬಿಸಿಲು-ಗಾಳಿಗಳಿಂದ ದೊರೆವ ಅಲ್ಪಸ್ವಲ್ಪ ಶುದ್ಧ ಜಲಜನಕ ಮೊದಲು ಹೋಗಬೇಕಾದದ್ದು ಬೇರೆ ದಾರಿಯೇ ಇಲ್ಲದ ಗೊಬ್ಬರದ ಕಾರ್ಖಾನೆಗೆ. ಬ್ಯಾಟರಿಯಿಂದ ಓಡಬಲ್ಲ ನಗರದ ಬಸ್ಸಿಗೆ ಅದನ್ನು ತುಂಬುವುದೇಕೆ? ಕೇಂದ್ರವೇ 2023ರಲ್ಲಿ, ಕಿಲೋಗೆ 2 ಕಿಲೋ ಡೈಆಕ್ಸೈಡಿನೊಳಗಿದ್ದರೆ ಮಾತ್ರ ಹಸಿರು ಎಂದು ಮಾನದಂಡ ವಿಧಿಸಿದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಸಸ್ಯಾಹಾರದ ಚುಕ್ಕೆ ಹಾಕಿಸುವ ಸರ್ಕಾರವು, ಜಲಜನಕದ ಪ್ರತಿ ಬಸ್ಸಿನ ಮೇಲೂ ಆ ಅಂಕಿಯನ್ನು ದಪ್ಪಕ್ಷರದಲ್ಲಿ ಬರೆಸಲಿ.