ಮೂವರೂ ಪಾಬ್ಲೊಗಳೇ?

1973ನೆಯ ಇಸವಿಯ ಏಪ್ರಿಲ್ 8ರಂದು ದಕ್ಷಿಣ ಫ್ರಾನ್ಸಿನ ಮೂಜಾಂ ಎಂಬ ಊರಿನಲ್ಲಿ ಚಿತ್ರಕಾರ ಪಾಬ್ಲೊ ಪಿಕಾಸೊ ತೀರಿಕೊಂಡನು. ಆಗ ಆತನಿಗೆ 91 ವರ್ಷ. ಅದೇ ವರ್ಷದ ಸೆಪ್ಟೆಂಬರ್ 23ರಂದು ಚಿಲಿಯ ರಾಜಧಾನಿ ಸಾಂತಿಯಾಗೊದಲ್ಲಿ ಕವಿ ಪಾಬ್ಲೊ ನೆರೂದಾ ತನ್ನ 69ನೆಯ ವಯಸ್ಸಿನಲ್ಲಿ ಕಾಲವಾದನು. ಅದಾಗಿ ತಿಂಗಳು ತುಂಬುವುದಕ್ಕೆ ಮೊದಲೇ, ಅಕ್ಟೋಬರ್ 22ರಂದು, ಪ್ವೆರ್ತೊ ರೀಕೊ ದ್ವೀಪದ ಸಾನ್ ಹ್ವಾನ್ ನಗರದಲ್ಲಿ ಚೆಲ್ಲೊ ವಾದಕ ಪಾಬ್ಲೊ ಕಸಾಲ್ಸ್ ಕಣ್ಣು ಮುಚ್ಚಿದನು. ಆತ 97ನ್ನು ಮುಟ್ಟಲು ಇನ್ನು ಎರಡು ತಿಂಗಳಷ್ಟೇ ಉಳಿದಿದ್ದವು.

ಮೂವರು ದೊಡ್ಡ ಕಲಾವಿದರು, ಒಂದೇ ಹೆಸರು, ಒಂದೇ ವರ್ಷದ ಮರಣ. ಇಂಥ ಕಾಕತಾಳೀಯ ಸಿಕ್ಕಿದರೆ ಲೇಖನಿ ಹಿಡಿದವನ ಕೈ ಸುಮ್ಮನಿರುವುದಿಲ್ಲ. 'ಮೂವರು ಪಾಬ್ಲೊಗಳು' ಎಂಬ ಮಾತು ಇಂದಿಗೂ ಅಲ್ಲಲ್ಲಿ ಕೇಳಿಬರುತ್ತದೆ. ಕಿವಿಗೆ ಇಂಪಾದ ಮಾತೇ. ಆದರೆ ಅದರ ಬಗೆಗೆ ನನ್ನದೊಂದು ತಕರಾರು ಉಂಟು. ಆ ಹೆಸರು ಮೂವರಿಗೂ ಒಂದೇ ಬಗೆಯಲ್ಲಿ ಬಂದುದಲ್ಲ. ಒಬ್ಬನಿಗೆ ಅದನ್ನು ಹೆತ್ತವರು ಇಟ್ಟರು. ಇನ್ನೊಬ್ಬ ಅದನ್ನು ತಾನಾಗಿಯೇ ಇಟ್ಟುಕೊಂಡನು. ಉಳಿದವನಿಗಾದರೋ ಅದು ಹೆಸರೇ ಅಲ್ಲ. ಆತನ ತಾಯ್ನುಡಿಯ ಹೆಸರಿನ ಮೇಲೆ ಬೇರೊಂದು ಭಾಷೆ ಹೊದಿಸಿದ ಹೊದಿಕೆ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಚರ್ಚೆ ಏತಕ್ಕೆಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ: ಈ ಹೆಸರುಗಳನ್ನು ಕನ್ನಡದಲ್ಲಿ ಬರೆಯುವವರು ನಾವು, ಆದರೆ ಹೇಗೆ ಬರೆಯಬೇಕೆಂಬ ನಿರ್ಣಯವನ್ನು ಮಾತ್ರ ಇಂಗ್ಲಿಷ್ ಪುಸ್ತಕಗಳಿಗೆ ಒಪ್ಪಿಸಿ ಕುಳಿತಿದ್ದೇವೆ.

ಮೊದಲು ಹೆಸರಿನ ಮೂಲವನ್ನು ನೋಡೋಣ. ಲ್ಯಾಟಿನ್ ಭಾಷೆಯಲ್ಲಿ 'ಪೌಲುಸ್' ಎಂದರೆ ಚಿಕ್ಕವನು. ಸೌಲನೆಂಬ ಯೆಹೂದ್ಯನು ಕ್ರೈಸ್ತನಾದ ಮೇಲೆ ಲೋಕ ಆತನನ್ನು ಆ ಹೆಸರಿನಿಂದ ಕರೆಯಿತು. ಕನ್ನಡ ಬೈಬಲ್ ಓದಿದವರಿಗೆ ಆತ ಸಂತ ಪೌಲ. ಆ ಒಂದು ಹೆಸರು ಫ್ರೆಂಚಿನಲ್ಲಿ ಪೋಲ್ ಎಂದೂ ಇಟಲಿಯಲ್ಲಿ ಪಾವೊಲೊ ಎಂದೂ ಸ್ಪಾನಿಷಿನಲ್ಲಿ ಪಾಬ್ಲೊ ಎಂದೂ ಕತಲಾನ್ ಭಾಷೆಯಲ್ಲಿ ಪೌ ಎಂದೂ ಆಯಿತು. ನಮ್ಮ ಕೃಷ್ಣ ಒಂದು ಸೀಮೆಯಲ್ಲಿ ಕಿಟ್ಟನಾಗಿ ಇನ್ನೊಂದು ಸೀಮೆಯಲ್ಲಿ ಕನ್ಹಯ್ಯನಾದಂತೆ. ಕಿಟ್ಟನೆಂದು ಕರೆಸಿಕೊಂಡು ಬೆಳೆದವನನ್ನು ಕನ್ಹಯ್ಯ ಎಂದು ಕೂಗಿದರೆ ಆತ ತಿರುಗಿ ನೋಡುತ್ತಾನೆಯೆ ಎಂಬುದು ಪ್ರಶ್ನೆ.

ಪಿಕಾಸೊವಿನದು ಸುಲಭದ ಕಥೆ. ಆತ ಹುಟ್ಟಿದ್ದು 1881ರ ಅಕ್ಟೋಬರ್ 25ರಂದು, ದಕ್ಷಿಣ ಸ್ಪೇನಿನ ಮಾಲಗಾ ಪಟ್ಟಣದಲ್ಲಿ. ದೀಕ್ಷಾಸ್ನಾನದ ದಿನ ಸಂತರ ಹೆಸರುಗಳನ್ನೂ ಬಂಧುಗಳ ಹೆಸರುಗಳನ್ನೂ ಪೋಣಿಸಿ ಆ ಕೂಸಿನ ಕೊರಳಿಗೆ ಒಂದು ಮಾಲೆಯನ್ನೇ ಹಾಕಿದರು. ಅದರ ಮೊದಲ ಮಣಿ ಪಾಬ್ಲೊ. ಸ್ಪೇನಿನ ಪದ್ಧತಿಯಂತೆ ತಂದೆಯ ಮನೆತನದ ಹೆಸರು ರುಯಿಸ್ ಮೊದಲು, ತಾಯಿಯ ಮನೆತನದ ಹೆಸರು ಪಿಕಾಸೊ ಆಮೇಲೆ. ಹುಡುಗನಾಗಿದ್ದಾಗಿನ ಚಿತ್ರಗಳಲ್ಲಿ ರುಯಿಸ್ ಎಂಬ ಸಹಿ ಇದೆ. ಮುಂದೆ ರುಯಿಸ್ ಪಿಕಾಸೊ. 1901ರ ಸುಮಾರಿಗೆ ಬರಿಯ ಪಿಕಾಸೊ. ರುಯಿಸ್ ಎಂಬುದು ಸ್ಪೇನಿನಲ್ಲಿ ಬೀದಿಗೊಬ್ಬರಿಗೆ ಇರುವ ಹೆಸರು. ತಂದೆ ಸ್ವತಃ ಚಿತ್ರಕಲೆಯ ಉಪಾಧ್ಯಾಯ. ಮಗನಿಗೆ ಕುಂಚ ಹಿಡಿಯಲು ಕಲಿಸಿದವನೂ ಆತನೇ. ಆ ತಂದೆಯ ಹೆಸರನ್ನು ಮಗ ಬಿಟ್ಟನು, ತಾಯಿಯದನ್ನು ಉಳಿಸಿಕೊಂಡನು. ಪಾಬ್ಲೊ ಎಂಬುದನ್ನಂತೂ ಆತ ಮುಟ್ಟಲಿಲ್ಲ. 1921ರಲ್ಲಿ ಪ್ಯಾರಿಸಿನಲ್ಲಿ ಮಗ ಹುಟ್ಟಿದಾಗ ತನ್ನ ಹೆಸರನ್ನೇ ಫ್ರೆಂಚ್ ಮಾಡಿ ಪೋಲ್ ಎಂದು ಇಟ್ಟನು; ಮನೆಯಲ್ಲಿ ಆ ಹುಡುಗ ಪಾವ್ಲೊ. ತನ್ನ ಹೆಸರಿನೊಡನೆ ಜಗಳವಿಲ್ಲದ ಮನುಷ್ಯ ಮಾತ್ರ ಹೀಗೆ ಮಾಡಬಲ್ಲ.

ಈ ಮೂವರನ್ನು ನಿಜವಾಗಿ ಒಂದುಗೂಡಿಸಿದ್ದು ಹೆಸರಲ್ಲ, 1936ರಿಂದ 1939ರವರೆಗೆ ಸ್ಪೇನನ್ನು ಸುಟ್ಟ ಅಂತರ್ಯುದ್ಧ. 1937ರ ಏಪ್ರಿಲ್ 26ರಂದು ಗೆರ್ನಿಕಾ ಪಟ್ಟಣದ ಮೇಲೆ ಬಾಂಬುಗಳು ಬಿದ್ದವು. ಕೆಲವೇ ವಾರಗಳಲ್ಲಿ ಪಿಕಾಸೊ ಏಳೂವರೆ ಮೀಟರಿಗೂ ಮೀರಿದ ಅಗಲದ ಚಿತ್ರವೊಂದನ್ನು ಬರೆದು ಮುಗಿಸಿದನು. ಫ್ರಾಂಕೊ ಬದುಕಿರುವತನಕ ಆ ಚಿತ್ರ ಸ್ಪೇನಿಗೆ ಹೋಗಲಿಲ್ಲ; 1981ರಲ್ಲಿ ನ್ಯೂಯಾರ್ಕಿನಿಂದ ಅಲ್ಲಿಗೆ ಬಂದಿತು. ಯುದ್ಧ ಮುಗಿದ ವರ್ಷ ನೆರೂದಾ ಎರಡು ಸಾವಿರಕ್ಕೂ ಹೆಚ್ಚು ಸ್ಪೇನಿನ ನಿರಾಶ್ರಿತರನ್ನು ಫ್ರಾನ್ಸಿನಿಂದ 'ವಿನ್ನಿಪೆಗ್' ಎಂಬ ಹಡಗಿನಲ್ಲಿ ಚಿಲಿಗೆ ಕಳುಹಿಸಿದನು. ಕಸಾಲ್ಸ್ ತಾನೇ ದೇಶಭ್ರಷ್ಟನಾದನು. 1948ರಲ್ಲಿ ಚಿಲಿಯ ಸರಕಾರ ನೆರೂದಾನನ್ನು ಹಿಡಿಯಲು ಹುಡುಕುತ್ತಿದ್ದಾಗ, ಭಾಷಣವೆಂದರೆ ಆಗದ ಪಿಕಾಸೊ ಪೋಲೆಂಡಿನ ವ್ರೋತ್ಸ್ವಾಫ್ ನಗರದ ಶಾಂತಿ ಸಮ್ಮೇಳನದಲ್ಲಿ ಆತನ ಪರವಾಗಿ ಎದ್ದು ನಿಂತು ಮಾತನಾಡಿದನು. ಫ್ರಾಂಕೊ ಸತ್ತದ್ದು 1975ರ ನವೆಂಬರಿನಲ್ಲಿ. ಮೂವರಲ್ಲಿ ಒಬ್ಬರೂ ಆ ದಿನವನ್ನು ಕಾಣಲಿಲ್ಲ. ಕಾಕತಾಳೀಯ ಬೇಕೆನ್ನುವವರು ಇದನ್ನು ನೆನೆಯಬಹುದು.

ಇನ್ನು ನೆರೂದಾ. ಈ ಕವಿಯ ಪ್ರಸ್ತಾಪ ಬಂದಾಗಲೆಲ್ಲ ನನ್ನ ತರಗತಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: "ಸಾರ್, ಅವನ ನಿಜವಾದ ಹೆಸರೇನು?" ಪರೀಕ್ಷೆಯ ಭಯ ಕೇಳಿಸುವ ಪ್ರಶ್ನೆ. ಹೇಳುವುದೇನೂ ಕಷ್ಟವಲ್ಲ: ರಿಕಾರ್ದೊ ಎಲಿಯೇಸೆರ್ ನೆಫ್ತಾಲಿ ರೇಯೆಸ್ ಬಸೊಆಲ್ತೊ. ಆದರೆ 'ನಿಜವಾದ' ಎಂಬ ಆ ವಿಶೇಷಣವನ್ನು ನಾನು ಒಪ್ಪಲಾರೆ. 1904ರಲ್ಲಿ ಆತ ಹುಟ್ಟಿದ ಎರಡು ತಿಂಗಳಿಗೆ ಶಾಲಾ ಶಿಕ್ಷಕಿಯಾಗಿದ್ದ ತಾಯಿ ತೀರಿಕೊಂಡಳು. ತಂದೆ ರೈಲ್ವೆಯಲ್ಲಿ ದುಡಿಯುತ್ತಿದ್ದವನು. ಮಗ ಕವಿತೆ ಬರೆಯುವುದು ಆತನಿಗೆ ಸಲ್ಲದು. ತಂದೆಯ ಕಣ್ಣು ತಪ್ಪಿಸಲು ಹದಿನಾರರ ಹುಡುಗ 1920ರಲ್ಲಿ ಒಂದು ಹೆಸರನ್ನು ಕಟ್ಟಿಕೊಂಡನು. ನೆರೂದಾ ಎಂಬುದನ್ನು ಯಾವುದೋ ಪತ್ರಿಕೆಯಲ್ಲಿ ಕಂಡೆನೆಂದೂ, ಅದು ಚೆಕ್ ಭಾಷೆಯ ಲೇಖಕ ಯಾನ್ ನೆರೂದಾನದೆಂದು ಆಗ ತಿಳಿದಿರಲಿಲ್ಲವೆಂದೂ ಆತನೇ ಹೇಳಿಕೊಂಡಿದ್ದಾನೆ; ವಿದ್ವಾಂಸರು ಬೇರೆ ಊಹೆಗಳನ್ನೂ ಮಾಡಿದ್ದಾರೆ. 'ಇಪ್ಪತ್ತು ಪ್ರೇಮಗೀತೆಗಳು' 1924ರಲ್ಲಿ ಆ ಹೆಸರಿನಲ್ಲಿಯೇ ಬಂದಿತು. ಕಡೆಗೆ 1946ರಲ್ಲಿ ಕಾಯಿದೆಯ ಪ್ರಕಾರವೂ ಆತ ಪಾಬ್ಲೊ ನೆರೂದಾ ಆದನು. ಕಾವ್ಯನಾಮದ ನಾಡಿನವರಾದ ನಮಗೆ ಇದು ಹೊಸದೇನಲ್ಲ. ಕುವೆಂಪು ಎಂಬ ಮೂರಕ್ಷರವನ್ನು ಸುಳ್ಳು ಹೆಸರೆಂದು ಯಾರು ತಾನೆ ಹೇಳಿಯಾರು? ಆದರೆ ಒಂದು ಭೇದವಿದೆ. ಬೇಂದ್ರೆಯವರು ಅಂಬಿಕಾತನಯದತ್ತರಾದಾಗ ತಾಯಿಯನ್ನು ಹೆಸರಿನೊಳಗೆ ಕರೆದುಕೊಂಡರು. ಚಿಲಿಯ ಹುಡುಗ ತನ್ನ ಹೆಸರಿನಿಂದ ತಂದೆತಾಯಿಗಳಿಬ್ಬರನ್ನೂ ಹೊರಗಿಟ್ಟನು.

ಹೊರಗಿಟ್ಟದ್ದು ಅವರನ್ನು ಮಾತ್ರವಲ್ಲ. ಆತನಿಗೆ ಒಬ್ಬಳೇ ಮಗಳು, ಮಾಲ್ವಾ ಮರೀನಾ. 1934ರಲ್ಲಿ ಮದ್ರಿದಿನಲ್ಲಿ ಹುಟ್ಟಿದ ಆ ಮಗುವಿಗೆ ತಲೆಯಲ್ಲಿ ನೀರು ತುಂಬುವ ರೋಗವಿತ್ತು. ತಂದೆ ಬೇರೆ ದಾರಿ ಹಿಡಿದನು. ಮಗು 1943ರಲ್ಲಿ, ಎಂಟು ವರ್ಷ ಪ್ರಾಯದಲ್ಲಿ, ಹಾಲೆಂಡಿನ ಗೌಡಾ ಊರಿನಲ್ಲಿ ಅಸುನೀಗಿತು. ಆಕೆ ಸತ್ತದ್ದು ರೇಯೆಸ್ ಆಗಿಯೇ. ನೆರೂದಾ ಎಂಬ ಮನೆತನ ಕಾಗದದ ಮೇಲೆ ಆಗ ಇನ್ನೂ ಹುಟ್ಟಿರಲಿಲ್ಲ. ತಂದೆಯ ಆತ್ಮಕಥೆಯಲ್ಲಿ ಆ ಮಗುವಿನ ಸುದ್ದಿಯೇ ಇಲ್ಲ. 1974ರಲ್ಲಿ, ಲೇಖಕ ಸತ್ತ ಮೇಲೆ, ಪ್ರಕಟವಾದ ಅದೇ ಪುಸ್ತಕದಲ್ಲಿ ಕೊಲಂಬೊದ ಒಂದು ಪ್ರಸಂಗವಿದೆ. 1929ರ ಸುಮಾರಿಗೆ ಆತ ಅಲ್ಲಿ ಚಿಲಿಯ ರಾಯಭಾರದ ಕೆಲಸದಲ್ಲಿದ್ದನು. ಆತನ ಮನೆಗೆ ಮಲ ಹೊರುವ ಕೆಲಸಕ್ಕೆ ಬರುತ್ತಿದ್ದ ಒಬ್ಬ ತಮಿಳು ಹೆಣ್ಣುಮಗಳ ಮೇಲೆ, ಆಕೆ ಒಲ್ಲದಿದ್ದರೂ, ತಾನು ಕೈ ಮಾಡಿದುದನ್ನು ಆತ ವರ್ಣಿಸುತ್ತಾನೆ. ಭಾಷೆ ಸೊಗಸಾಗಿದೆ, ಓದುವಾಗ ಸಂಕಟವಾಗುವುದು ಅದರಿಂದಲೇ. ಆಕೆಯ ಹೆಸರನ್ನು ಆತ ಹೇಳುವುದಿಲ್ಲ. 2018ರಲ್ಲಿ ಸಾಂತಿಯಾಗೊ ವಿಮಾನ ನಿಲ್ದಾಣಕ್ಕೆ ನೆರೂದಾನ ಹೆಸರಿಡಬೇಕೆಂಬ ಸೂಚನೆ ಬಂದಾಗ ಚಿಲಿಯ ಮಹಿಳೆಯರು ಈ ಪುಟಗಳನ್ನು ಮುಂದಿಟ್ಟು ವಿರೋಧಿಸಿದರು. ಅವರದು ಸರಿಯಾದ ವಿರೋಧವೆಂದೇ ನನ್ನ ಅಭಿಪ್ರಾಯ. ಕವಿತೆಗಳನ್ನು ನಾನು ಇಂದಿಗೂ ಪಾಠ ಹೇಳುತ್ತೇನೆ. ಆದರೆ ಕವಿತೆ ಓದುವುದು ಬೇರೆ, ಊರ ಬಾಗಿಲಿಗೆ ಹೆಸರು ಬರೆಯುವುದು ಬೇರೆ.

ಅಕ್ಷರದ ವಿಷಯವೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಹಲವರು 'ನೆರೂಡಾ' ಎಂದು ಬರೆಯುತ್ತಾರೆ. ಸ್ಪಾನಿಷಿನಲ್ಲಿ ಟ-ಡಗಳಿಲ್ಲ, ತ-ದಗಳುಂಟು. ಈ ಭೇದವನ್ನು ತೋರಿಸಲಾರದ್ದು ಇಂಗ್ಲಿಷ್ ಲಿಪಿ, ಕನ್ನಡವಲ್ಲ. ನಮ್ಮ ಅಕ್ಷರಮಾಲೆಯಲ್ಲಿ ಎರಡೂ ಇರುವಾಗ ಇಲ್ಲದವರಿಂದ ಸಾಲ ತರುವುದೇತಕ್ಕೆ? ಪಾಬ್ಲೊ ಎಂಬಲ್ಲಿಯ ಹ್ರಸ್ವ ಒಕಾರವೂ ನಮ್ಮ ಬಳಿ ಇದೆ, ದೀರ್ಘ ಎಳೆಯಬೇಕಾಗಿಲ್ಲ.

ಕಸಾಲ್ಸ್‌ನ ಮಾತು ಬೇರೆ. ಅಲ್ಲಿ ಕಾಗುಣಿತ ತಿದ್ದಿದರೆ ಸಾಲದು. ಬಾರ್ಸೆಲೋನಾದ ಆಚೆ, ಎಲ್ ವೆಂದ್ರೆಲ್ ಎಂಬ ಊರಿನಲ್ಲಿ, 1876ರ ಡಿಸೆಂಬರ್ 29ರಂದು ಹುಟ್ಟಿದವನು ಆತ. ತಂದೆ ಊರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದನು. ಮನೆಮಾತು ಕತಲಾನ್. ಅದು ಸ್ಪಾನಿಷಿನ ಉಪಭಾಷೆಯೆಂದು ತಿಳಿದವರುಂಟು. ಅಲ್ಲ, ಕನ್ನಡ ತೆಲುಗುಗಳಂತೆ ಅಕ್ಕತಂಗಿಯರು, ತನ್ನದೇ ಪ್ರಾಚೀನ ಸಾಹಿತ್ಯವುಳ್ಳ ಭಾಷೆ. ಆ ಭಾಷೆಯಲ್ಲಿ ಆತ ಪೌ. ಆದರೆ ಸರಕಾರದ ಭಾಷೆ ಸ್ಪಾನಿಷ್. ರಾಣಿಯ ನೆರವು ಪಡೆದು ಆತ ಓದಲು ಹೋದದ್ದು ಮದ್ರಿದಿಗೆ. ಆಮೇಲೆ ಪ್ಯಾರಿಸ್, ಲಂಡನ್, ನ್ಯೂಯಾರ್ಕುಗಳ ಭಿತ್ತಿಪತ್ರಗಳಲ್ಲಿ ಅಚ್ಚಾದದ್ದು ಪಾಬ್ಲೊ. ಹದಿಮೂರರ ಪ್ರಾಯದಲ್ಲಿ ಬಾರ್ಸೆಲೋನಾದ ಹಳೆಯ ಅಂಗಡಿಯೊಂದರಲ್ಲಿ ಸಿಕ್ಕ ಬಾಖ್‌ನ ಆರು ಚೆಲ್ಲೊ ಕೃತಿಗಳನ್ನು ಹನ್ನೆರಡು ವರ್ಷಗಳಷ್ಟು ಕಾಲ ಸಾಧನೆ ಮಾಡಿ, ಬರಿಯ ಅಭ್ಯಾಸಪಾಠಗಳೆಂದು ಮೂಲೆಗೆ ಬಿದ್ದಿದ್ದ ಅವುಗಳನ್ನು ಸಭೆಗೆ ತಂದವನು ಆತ. ಆ ಕೀರ್ತಿ ಪಾಬ್ಲೊ ಎಂಬ ಹೆಸರಿಗೇ ಸಂದಿತು. ಆದರೆ 1920ರಲ್ಲಿ ತನ್ನ ನಾಡಿನ ರಾಜಧಾನಿಯಲ್ಲಿ ವಾದ್ಯವೃಂದವೊಂದನ್ನು ತಾನೇ ಕಟ್ಟಿದಾಗ ಆತ ಅದಕ್ಕೆ ಇಟ್ಟ ಹೆಸರು 'ಪೌ ಕಸಾಲ್ಸ್ ವಾದ್ಯವೃಂದ'. ಇಲ್ಲಿ ಕೇಳಿಸುವ ದನಿ ಆತನದೇ.

ಫ್ರಾಂಕೊ ಗೆದ್ದ ಮೇಲೆ ಆ ಮೂರಕ್ಷರದ ಬೆಲೆ ಇನ್ನೂ ಏರಿತು. ರೋಮನ್ ಲಿಪಿಯಲ್ಲಿ ಪೌ ಮೂರೇ ಅಕ್ಷರ. 1938ರಲ್ಲಿಯೇ ಫ್ರಾಂಕೊ ಪಕ್ಷದ ಸರಕಾರ ಹುಟ್ಟಿದ ಮಕ್ಕಳಿಗೆ ಸ್ಪಾನಿಷ್ ಹೆಸರುಗಳನ್ನೇ ನೋಂದಾಯಿಸಬೇಕೆಂದು ಆಜ್ಞೆ ಹೊರಡಿಸಿತ್ತು. ಅಂದಿನಿಂದ ಕತಲಾನ್ ತಾಯಿಯೊಬ್ಬಳು ಮಗನನ್ನು ತೊಟ್ಟಿಲಲ್ಲಿ ಪೌ ಎಂದು ಕರೆದರೂ ಕಚೇರಿಯ ಪುಸ್ತಕದಲ್ಲಿ ಆತ ಪಾಬ್ಲೊ. ಆ ಕಟ್ಟು ಸಡಿಲವಾದದ್ದು 1977ರ ಕಾಯಿದೆಯಿಂದ. ಆ ವರ್ಷಗಳಲ್ಲಿ ಕಸಾಲ್ಸ್ ಫ್ರಾನ್ಸಿನ ಗಡಿಯೊಳಗಿನ ಪ್ರಾದ್ ಎಂಬ ಪುಟ್ಟ ಊರಿನಲ್ಲಿ ನೆಲೆಸಿ ನಿರಾಶ್ರಿತ ಶಿಬಿರಗಳಿಗೆ ಅನ್ನ ಬಟ್ಟೆ ಒದಗಿಸುತ್ತಿದ್ದನು. ಮಹಾಯುದ್ಧ ಮುಗಿದ ಮೇಲೂ ಗೆದ್ದ ರಾಷ್ಟ್ರಗಳು ಫ್ರಾಂಕೊವನ್ನು ಹಾಗೆಯೇ ಬಿಟ್ಟಾಗ, ಆ ದೇಶಗಳಲ್ಲಿ ಕಚೇರಿ ನಡೆಸುವುದನ್ನೇ ನಿಲ್ಲಿಸಿದನು. ಅಂಥ ಮನುಷ್ಯನನ್ನು ಇಂದಿಗೂ ಪಾಬ್ಲೊ ಎಂದು ಬರೆಯುವಾಗ ನಾವು ಯಾರ ಪುಸ್ತಕದಿಂದ ನಕಲು ಮಾಡುತ್ತಿದ್ದೇವೆ?

ಇನ್ನೊಂದು ಮಾತು. ಕತಲಾನ್ ಭಾಷೆಯಲ್ಲಿ 'ಪೌ' ಎಂದರೆ ಶಾಂತಿ ಎಂಬ ಅರ್ಥವೂ ಇದೆ. ಹೆಸರಿನ ಪೌ ಬೇರೆ ಮೂಲದ್ದು, ಶಾಂತಿಯ ಪೌ ಬೇರೆ ಮೂಲದ್ದು. ಕಿವಿಗೆ ಮಾತ್ರ ಎರಡೂ ಒಂದೇ. 1971ರ ಅಕ್ಟೋಬರ್ 24ರಂದು ವಿಶ್ವಸಂಸ್ಥೆಯ ಸಭೆಯಲ್ಲಿ 94ರ ಆ ಮುದುಕ ತಾನು ಕತಲಾನಿನವನೆಂದು ಹೇಳಿ, 'ಹಕ್ಕಿಗಳ ಹಾಡು' ಎಂಬ ತನ್ನ ನಾಡಿನ ಜನಪದ ಗೀತೆಯನ್ನು ಚೆಲ್ಲೊದಲ್ಲಿ ನುಡಿಸಿದನು. ಆ ಹಕ್ಕಿಗಳು ಆಕಾಶದಲ್ಲಿ ಹಾಡುವುದು ಶಾಂತಿ ಎಂಬ ಪದವನ್ನೇ ಎಂದು ನುಡಿಸುವ ಮೊದಲು ಸಭೆಗೆ ವಿವರಿಸಿದನು. ಆತ ಮಾತನಾಡಿದ್ದು ಇಂಗ್ಲಿಷಿನಲ್ಲಿ. ಆ ಪದವನ್ನು ಆತನ ತಾಯ್ನುಡಿಗೆ ತಿರುಗಿಸಿಕೊಂಡು ಕೇಳಿದವರಿಗೆ ಅಲ್ಲಿ ಆತನ ಹೆಸರೂ ಕೇಳಿಸಿರಬೇಕು. ಪಾಬ್ಲೊ ಎಂದ ಕೂಡಲೆ ಈ ಶ್ಲೇಷೆ ಸತ್ತುಹೋಗುತ್ತದೆ.

ಜಗತ್ತಿನ ಧ್ವನಿಮುದ್ರಿಕೆಗಳೆಲ್ಲ ಪಾಬ್ಲೊ ಎನ್ನುವಾಗ ಕನ್ನಡದವರು ಮಾತ್ರ ಪೌ ಎಂದರೆ ವಿದ್ಯಾರ್ಥಿಗಳಿಗೆ ಗೊಂದಲವಾಗದೆ ಎಂದು ಸಹೋದ್ಯೋಗಿಯೊಬ್ಬರು ನನ್ನನ್ನು ಕೇಳಿದರು. ಪರಿಹಾರ ಸುಲಭ: ಮೊದಲ ಸಲ 'ಪಾಬ್ಲೊ ಎಂದು ಪ್ರಸಿದ್ಧನಾದ ಪೌ ಕಸಾಲ್ಸ್' ಎನ್ನೋಣ, ಆಮೇಲೆ ಪೌ ಎಂದಷ್ಟೇ ಬರೆಯೋಣ. ಇಂಗ್ಲಿಷಿನಲ್ಲಿಯೂ ತಮ್ಮ ಊರು ಬ್ಯಾಂಗಲೋರ್ ಅಲ್ಲ, ಬೆಂಗಳೂರು ಎಂದು 2014ರ ನವೆಂಬರ್ 1ರಿಂದ ಲೋಕಕ್ಕೆ ಹೇಳುತ್ತಿರುವವರು ನಾವು. ಪೌಲನನ್ನು ಬಲ್ಲ ನಮ್ಮ ಕಿವಿಗೆ ಪೌ ಪರಕೀಯವೂ ಅಲ್ಲ. 1979ರಲ್ಲಿ ಆತನ ಅಸ್ಥಿಗಳನ್ನು ಪ್ವೆರ್ತೊ ರೀಕೊದಿಂದ ಎಲ್ ವೆಂದ್ರೆಲ್‌ಗೆ ತಂದು ಮಣ್ಣು ಮಾಡಿದರು. ಅಲ್ಲಿಯ ಕಡಲ ತೀರದಲ್ಲಿ ಆತ ವಾಸವಾಗಿದ್ದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಅದರ ಹೆಸರು ಪೌ ಕಸಾಲ್ಸ್ ವಸ್ತುಸಂಗ್ರಹಾಲಯ.