ಔಷಧದಾನವೂ ಪ್ರಮಾದವೂ

ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ಚತುರ್ವಿಧದಾನಗಳಲ್ಲಿ ಔಷಧದಾನಕ್ಕಾಗಿ ಜೈನ ಸಮಾಜವು ಮಾಡುತ್ತಿರುವ ವೆಚ್ಚ ಅಲ್ಪವಲ್ಲ. ಆಸ್ಪತ್ರೆಗೊಂದು ಕಟ್ಟಡ, ಕಟ್ಟಡಕ್ಕೊಂದು ಅಮೃತಶಿಲೆಯ ಫಲಕ, ಫಲಕದ ತುಂಬ ದಾನಿಗಳ ನಾಮಾವಳಿ. ಆದರೆ ಅದೇ ಕಟ್ಟಡದ ತೀವ್ರ ನಿಗಾ ಘಟಕದಲ್ಲಿ ಕೈ ತೊಳೆಯಲು ನಲ್ಲಿಯಿದೆಯೇ, ನಲ್ಲಿಯಲ್ಲಿ ನೀರಿದೆಯೇ ಎಂದು ವಿಚಾರಿಸುವ ಧರ್ಮದರ್ಶಿಗಳು ವಿರಳ. ಸಾಬೂನಿನ ಮೇಲೆ ಹೆಸರು ಕೆತ್ತಿಸಲು ಬರುವುದಿಲ್ಲವಷ್ಟೆ!

ರೋಗಿಯು ದಾಖಲಾಗುವಾಗ ಇಲ್ಲದಿದ್ದು, ಸಾಮಾನ್ಯವಾಗಿ 48 ಗಂಟೆಗಳ ಅನಂತರ ಕಾಣಿಸಿಕೊಳ್ಳುವ ಸೋಂಕನ್ನು ವೈದ್ಯರು ಆಸ್ಪತ್ರೆಯ ಸೋಂಕೆಂದು ಕರೆಯುತ್ತಾರೆ. ಮೂತ್ರನಳಿಕೆ, ರಕ್ತನಾಳಕ್ಕೆ ಹಾಕಿದ ಕೊಳವೆ, ವೆಂಟಿಲೇಟರ್, ಶಸ್ತ್ರಕ್ರಿಯೆಯ ಗಾಯ, ಇವೇ ಅದರ ಪ್ರವೇಶದ್ವಾರಗಳು. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಅದನ್ನು ಒಯ್ಯುವ ಮುಖ್ಯ ವಾಹನವೆಂದರೆ ಶುಶ್ರೂಷೆ ಮಾಡುವವರ ಕೈ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯಗೊಳಿಸಿದಾಗ ಬಾಣಂತಿಯರ ಮರಣ ಥಟ್ಟನೆ ಇಳಿಯಿತು. ಆಗ ಆಂಟಿಬಯಾಟಿಕ್ ಎಂಬುದೇ ಇರಲಿಲ್ಲ. ಇಂದು ಅದಿದ್ದೂ ಸೋಲುತ್ತಿದೆ. ಕ್ಲೆಬ್ಸಿಯೆಲ್ಲಾದಂತಹ ಬ್ಯಾಕ್ಟೀರಿಯಾಗಳು ಔಷಧವನ್ನು ಎದುರಿಸುವ ವಂಶವಾಹಿಗಳನ್ನು ಪರಸ್ಪರ ಹಸ್ತಾಂತರಿಸಿಕೊಳ್ಳುತ್ತವೆ. ಭಾರತದಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬನಲ್ಲಿ 2008ರಲ್ಲಿ ದೊರೆತ ಇಂತಹುದೊಂದಕ್ಕೆ ನವದೆಹಲಿಯ ಹೆಸರಿಟ್ಟಾಗ ದೇಶದಲ್ಲಿ ಅಸಮಾಧಾನವೆದ್ದಿತು. ಹೆಸರಿಗಾಗಿ ನೊಂದಷ್ಟು ಜನ ಕಾರಣಕ್ಕಾಗಿ ನೋಯಲಿಲ್ಲ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದ ನೇರ ಕಾರಣದಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನರು ಸತ್ತರೆಂದು ತಜ್ಞರ ಅಂದಾಜು.

ಸೂಕ್ಷ್ಮಜೀವಿಗಳೂ ಜೀವಗಳೇ, ಅವನ್ನು ಕೊಲ್ಲುವ ದ್ರಾವಣ ಬಳಸುವುದು ಹಿಂಸೆಯಲ್ಲವೇ ಎಂದು ಕೆಲವರು ಆಕ್ಷೇಪಿಸುತ್ತಾರೆ. ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನು ಮುಂದಿಟ್ಟಿದ್ದಾರೆಂಬುದನ್ನು ಇವರು ಮರೆತಿದ್ದಾರೆ. ಮುನಿಗಳ ಪಂಚಸಮಿತಿಗಳಲ್ಲಿ ವಸ್ತುವನ್ನು ನೋಡಿ ಎತ್ತಿ ನೋಡಿ ಇಡುವ ಆದಾನನಿಕ್ಷೇಪಣವಿದೆ, ಮಲವನ್ನು ಜಾಗರೂಕತೆಯಿಂದ ವಿಸರ್ಜಿಸುವ ಉತ್ಸರ್ಗವಿದೆ. ನಳಿಕೆಯನ್ನು ಹಾಕುವ, ತೆಗೆಯುವ, ಆಸ್ಪತ್ರೆಯ ತ್ಯಾಜ್ಯವನ್ನು ವಿಂಗಡಿಸುವ ಕೆಲಸಕ್ಕೆ ಇದಕ್ಕಿಂತ ಹತ್ತಿರದ ಶಿಸ್ತು ಯಾವುದು? ನೀರನ್ನು ಸೋಸಿ ಕುಡಿಯುವ ಮನೆತನದವರು ತಮ್ಮ ಟ್ರಸ್ಟಿನ ವಾರ್ಡಿನಲ್ಲಿ ಒಂದೇ ಜೊತೆ ಕೈಗವಸಿನಿಂದ ಹತ್ತು ರೋಗಿಗಳನ್ನು ಮುಟ್ಟುವುದನ್ನು ಸಹಿಸುವುದು ಸೋಜಿಗವೇ ಸರಿ.

ನಿಷ್ಕಾರಣ ಜೀವಹಾನಿಯ ಚಿಂತೆ ನಿಜವಾಗಿದ್ದಲ್ಲಿ ಅದು ಉಚಿತ ಶಿಬಿರಗಳತ್ತ ತಿರುಗಬೇಕು. ವೈರಸ್ಸಿನಿಂದ ಬರುವ ನೆಗಡಿಗೆ ಆಂಟಿಬಯಾಟಿಕ್ ನಾಟುವುದಿಲ್ಲ. ಆದರೂ ಶಿಬಿರಗಳಲ್ಲಿ ಮೂರು ದಿನದ ಮಾತ್ರೆಯನ್ನು ಪ್ರಸಾದದಂತೆ ಹಂಚುವುದುಂಟು. ಅದರಿಂದ ದೇಹದಲ್ಲಿರುವ ಉಪಕಾರಿ ಜೀವಾಣುಗಳು ನಾಶವಾಗಿ, ಔಷಧಕ್ಕೆ ಜಗ್ಗದವು ಉಳಿದು ಬೆಳೆಯುತ್ತವೆ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲಿಯೇ ಅಲ್ಪಪ್ರಮಾಣದ ಸೇವನೆಯ ಈ ಅಪಾಯವನ್ನು ಹೇಳಿದ್ದರು. ಶಿಬಿರದ ವರದಿಯಲ್ಲಿ ಮಾತ್ರ ಹಂಚಿದ ಮಾತ್ರೆಗಳ ಸಂಖ್ಯೆಯೇ ಪುಣ್ಯದ ಲೆಕ್ಕ!

ಪೈಸೆ ಪೈಸೆಗೂ ಜಮಾಖರ್ಚು ಬರೆಯುವ, ಲೆಕ್ಕಪರಿಶೋಧನೆ ಮಾಡಿಸುವ ಟ್ರಸ್ಟುಗಳು ಆಸ್ಪತ್ರೆಯ ಸೋಂಕಿಗೇಕೆ ಖಾತೆ ತೆರೆಯಬಾರದು? ಈ ವರ್ಷ ಎಷ್ಟು ಶಸ್ತ್ರಕ್ರಿಯೆಗಳಾದವು, ಎಷ್ಟು ಗಾಯಗಳು ಕೀವಾದವು, ಆಂಟಿಬಯಾಟಿಕ್ ಕೊಡುವ ಮುನ್ನ ಎಷ್ಟು ರೋಗಿಗಳ ಕಲ್ಚರ್ ಪರೀಕ್ಷೆ ನಡೆಯಿತು, ರಾತ್ರಿ ಪಾಳಿಯಲ್ಲಿ ಒಬ್ಬ ದಾದಿಗೆ ಎಷ್ಟು ರೋಗಿಗಳು? ವಾರ್ಷಿಕ ಮಹಾಸಭೆಯಲ್ಲಿ ಆಯವ್ಯಯದೊಡನೆ ಇದನ್ನೂ ಓದಲಿ. ಮುಂದಿನ ದಾನಿಯು ಹೊಸ ಮಹಡಿಗೆ ಹಣ ತಂದಾಗ, ಮೊದಲು ಪ್ರಯೋಗಾಲಯಕ್ಕೊಬ್ಬ ಸೂಕ್ಷ್ಮಜೀವಿತಜ್ಞರ ಸಂಬಳವನ್ನು ಕೇಳುವ ಧೈರ್ಯ ಆಡಳಿತ ಮಂಡಳಿಗೆ ಬರಲಿ.